ಫೋರ್ಟಿನ ಫ್ಯಾನಿನ ಕೆಳಗೆ ಒಣಗಿದ ಲಂಗೋಟಿಗಳು

ನಮ್ಮ ಹಿರಿಯ ಮಗಳು ಹುಟ್ಟಿದ ಮೇಲಿನ ಮೊದಲ ಮಳೆಗಾಲವನ್ನು ಕಳೆದದ್ದು ಘಾಟ್ಕೋಪರಿನ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ. ಆ ಮಳೆಗಾಲವಿಡೀ ಅವಳು ಮಾಡಿದ ಕೆಲಸ ಒಂದೇ, ಬಟ್ಟೆ ಒದ್ದೆ ಮಾಡುವುದು. ಮುಂದೆ ಅವಳು ಓದಿ, ದೊಡ್ಡ ನೌಕರಿಗೆ ಸೇರಿ, ಭೇಷ್ ಅನ್ನಿಸಿಕೊಂಡದ್ದುಂಟು. ಆದರೆ ಆಗಿನ ಶ್ರದ್ಧೆಯನ್ನು ನಾನು ಮತ್ತೆ ಅವಳಲ್ಲಿ ಕಾಣಲಿಲ್ಲ. ಲಂಗೋಟಿ ಕಟ್ಟಿ ಗಂಟು ಬಿಗಿಯುವಷ್ಟರಲ್ಲಿ ಬೆಚ್ಚಗಿನ ಸಮಾಚಾರ ಕೈಗೆ ತಲುಪುತ್ತಿತ್ತು.

ಹೆರಿಗೆಗೆಂದು ತವರಿಗೆ ಹೋದವಳು ಬಾಣಂತನ ಮುಗಿಸಿ ಮೇ ತಿಂಗಳ ಕೊನೆಗೆ ಮುಂಬಯಿಗೆ ಮರಳಿದ್ದೆ. ಜೊತೆಗೆ ಉಡುಪಿಯಿಂದ ಅತ್ತೆಯೂ ಬಂದಿದ್ದರು. ಮದುವೆಯಾದ ಮೇಲೆ ನಾನೂ ನಮ್ಮವರೂ ಒಟ್ಟಿಗೆ ಇದ್ದದ್ದು ಕೆಲವೇ ತಿಂಗಳು. ಅದರಲ್ಲಿ ಅರ್ಧವನ್ನು ನಾನು ಕೋಣೆಯ ಮೂಲೆಯ ಬಚ್ಚಲ ಮೋರಿಯ ಮುಂದೆ ವಾಂತಿ ಮಾಡುತ್ತಾ ಕಳೆದಿದ್ದೆ. ಹಾಗಾಗಿ ನನಗೆ ನನ್ನ ಗಂಡನ ಜೊತೆ ಇರುವ ಆಸೆ ಬಹಳವಿತ್ತು. ಆಗ ಹೇಳಲು ನಾಚಿಕೆ, ಈಗ ಎಂಥ ನಾಚಿಕೆ?

ಅತ್ತೆ ಊರಿನಿಂದ ಒಂದು ದೊಡ್ಡ ಗಂಟು ತಂದಿದ್ದರು. ಹಲಸಿನ ಹಪ್ಪಳವಿರಬೇಕೆಂದು ನಮ್ಮವರು ಆಸೆಯಿಂದ ಬಿಚ್ಚಿದರೆ ಒಳಗಿದ್ದದ್ದು ಮಾವನವರ ಹಳೆಯ ಪಂಚೆಗಳು, ಚೌಕ ಚೌಕವಾಗಿ ಹರಿದು ಮಡಚಿಟ್ಟವು. ಕೂಸಿನ ಮೈಗೆ ಹೊಸ ಬಟ್ಟೆ ಸೋಕಬಾರದು, ಹಿರಿಯರು ಉಟ್ಟು ಉಟ್ಟು ಮೆತ್ತಗಾದದ್ದೇ ಆಗಬೇಕು, ಅದರಲ್ಲಿ ಅವರ ಆಯುಷ್ಯವೂ ಬರುತ್ತದೆ ಎಂಬುದು ಅತ್ತೆಯ ನಂಬಿಕೆ. ಮಾವ ಊರಿನಲ್ಲಿ ಏನುಟ್ಟುಕೊಂಡಿದ್ದಾರೋ ಎಂದು ನಮ್ಮವರು ನನ್ನ ಕಿವಿಯಲ್ಲಿ ಕೇಳಿದರು. ನಾನು ಅಡಿಗೆಯ ಮೂಲೆಗೆ ಓಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಗೆಯುವುದು ನನಗೆ ಕಷ್ಟವಾಗಲಿಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಮೊದಲು ಕೊಳೆ ತೊಳೆದು, ಸೋಡಾ ಹಾಕಿ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಬಾರ್ ಸೋಪು ಹಚ್ಚಿ ಮೋರಿಯ ಕಲ್ಲಿಗೆ ಬಡಿಯುತ್ತಿದ್ದೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಬಡಿಯುವುದರಲ್ಲಿ ಅದು ಚೆನ್ನಾಗಿ ಇಳಿಯುತ್ತಿತ್ತು. ತೊಂದರೆಯಿದ್ದದ್ದು ಒಣಗಿಸುವುದರಲ್ಲಿ. ಗ್ಯಾಲರಿಯ ಹಗ್ಗದಲ್ಲಿ ಹಾಕಿದರೆ ಇರಿಚಲು ಹೊಡೆದು ಹಾಕಿದ್ದಕ್ಕಿಂತ ಹೆಚ್ಚು ಒದ್ದೆಯಾಗುತ್ತಿತ್ತು. ಕೋಣೆಯೊಳಗೆ ಮಾಡಿಗೆ ತೂಗುಬಿಟ್ಟ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದೆವು. ಅದರ ಕೆಳಗೇ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ನಮ್ಮವರ ಸಾರಿಗೆ ಆಗಾಗ ಮೇಲಿನಿಂದ ಒಂದು ಹನಿ ಬೀಳುವುದು. ಅದು ಒಗೆದ ನೀರೇ ಎಂದು ನಾನು ಆಣೆ ಹಾಕಿ ಹೇಳಬೇಕಾಗುತ್ತಿತ್ತು. ಶೇಗಡಿಯ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹಾಸಿ ನೋಡಿದೆವು. ಇದ್ದಿಲೇ ಶೀತ ಹಿಡಿದು ಬರೀ ಹೊಗೆ ಕಾರುತ್ತಿತ್ತು. ಮಗು ಸುಟ್ಟ ಬದನೆಕಾಯಿಯ ವಾಸನೆ ಹೊಡೆಯತೊಡಗಿದ ಮೇಲೆ ಅದನ್ನೂ ಬಿಟ್ಟೆವು.

ಒಂದು ವಾರ ನೋಡಿದ ಅತ್ತೆ ತೀರ್ಪು ಕೊಟ್ಟರು. ಕೂಗಾಡುವ ಜನ ಅಲ್ಲ ಅವರು. ಎಲೆಯಡಿಕೆ ಹಾಕಿಕೊಂಡು ಶಾಂತವಾಗಿ ಹೇಳಿದರು:

“ಇಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಕೂಸು ಒಂದು ದಿನ ಒಣಗದ ಚಂಡಿ ಬಟ್ಟೆಯಲ್ಲಿ ಮಲಗಿತು ಅಂತಾದರೆ ತಾಯಿ-ಮಗು ಇಬ್ಬರನ್ನೂ ನಾನು ಊರಿಗೆ ಕರಕೊಂಡು ಹೋಗುವುದೇ. ಮತ್ತೆ ದೀಪಾವಳಿ ಕಳೆದ ಮೇಲೆ ನೋಡುವ.”

ದೀಪಾವಳಿ! ಅಂದರೆ ಇನ್ನೂ ಐದು ತಿಂಗಳು. ನಮ್ಮವರ ಮುಖ ನೋಡಿದೆ. ಅವರು ತಾಯಿಗೆ ಎದುರಾಡಿದವರೇ ಅಲ್ಲ. ತಲೆ ತಗ್ಗಿಸಿ ಮಜ್ಜಿಗೆ ಸುರಿದುಕೊಂಡರು. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯುತ್ತಿತ್ತು. ಆ ಹೊತ್ತಿನಿಂದ ಒಣಗಿದ ಒಂದು ಚೌಕ ಪಂಚೆ ನನಗೆ ಪಟ್ಟೆಸೀರೆಗಿಂತ ಹೆಚ್ಚಾಯಿತು.

ನಮ್ಮವರು ಮುಂಬಯಿಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತರು. ಎರಡು ದಿನಗಳ ನಂತರ ಊಟದ ಹೊತ್ತಿನಲ್ಲಿ ಕಚೇರಿಯ ಸಮಾಚಾರ ಹೇಳುತ್ತಾ, ರೆಕಾರ್ಡು ರೂಮಿನ ಫ್ಯಾನು ಎಷ್ಟು ಜೋರೆಂದರೆ ಕಾಗದದ ಮೇಲೆಲ್ಲ ಕಲ್ಲು ಹೇರಬೇಕಾಗುತ್ತದೆ ಎಂದರು. ನಮ್ಮ ಕೋಣೆಯಲ್ಲಿ ಫ್ಯಾನಿರಲಿಲ್ಲ, ಒಂದು ಬಲ್ಬಿತ್ತು. ಬಡಿಸುತ್ತಿದ್ದ ನನ್ನ ಕೈ ಅಲ್ಲಿಗೇ ನಿಂತಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು, ನನ್ನ ಮನಸ್ಸಿನಲ್ಲಿರುವುದು ಅವರಿಗೆ ತಿಳಿದುಹೋಯಿತು. ಬೇಡ ಎಂದು ಕಣ್ಣಿನಲ್ಲೇ ಹೇಳಿದರು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಹಿರಿಯರು ಹೇಳಿದ್ದು ಸುಮ್ಮನೆಯೇ? ಮರುದಿನ ಬೆಳಿಗ್ಗೆ ಅವರ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ, ಪೇಪರಿನಲ್ಲಿ ಸುತ್ತಿದ ಎರಡು ಹಿಂಡಿದ ಲಂಗೋಟಿಗಳು ಹೊರಟವು.

ಸಂಜೆ ಅವು ಒಣಗಿ ಗರಿಗರಿಯಾಗಿ ಬಂದಾಗ ನಾನು ಬಾಗಿಲ ಮರೆಯಲ್ಲಿ ಅವನ್ನು ಕೆನ್ನೆಗೊತ್ತಿಕೊಂಡೆ. ಕಚೇರಿಯ ಶಾಯಿ, ಅರಗು, ಹಳೇ ಕಾಗದದ ವಾಸನೆ ಬರುತ್ತಿತ್ತು. ಮಗುವಿಗೆ ಕಟ್ಟಿದರೆ ಅವಳೂ ಕಚೇರಿಯಿಂದಲೇ ಬಂದವಳ ಹಾಗೆ ಗಂಭೀರವಾಗಿ ನೋಡಿದಳು.

ಅಲ್ಲಿಂದ ದಿನವೂ ಗಂಟು ಹೋಗತೊಡಗಿತು, ದಿನದಿನಕ್ಕೂ ದೊಡ್ಡದಾಯಿತು. ಅತ್ತೆಗೆ ಹೇಳುವ ಹಾಗಿರಲಿಲ್ಲ. ಅವರ ಲೆಕ್ಕದಲ್ಲಿ ಕೂಸಿನ ಉಚ್ಚೆ ಬಟ್ಟೆ ಗಂಡಸು ಮುಟ್ಟುವ ವಸ್ತುವಲ್ಲ, ಅದೂ ನೌಕರಿಗೆ ಹೋಗುವ ಗಂಡಸು. ಅದಕ್ಕೆ ಪಕ್ಕದ ಕೋಣೆಯ ಮರಾಠಿ ಮಾವಶಿಯನ್ನು ನಮ್ಮ ಕಡೆ ಮಾಡಿಕೊಂಡೆ. ಬಟ್ಟೆಯೆಲ್ಲ ಮಾವಶಿಯ ಒಲೆಯ ಹತ್ತಿರ ಒಣಗುತ್ತದೆ ಎಂದು ಅತ್ತೆಗೆ ಹೇಳಿದೆ. ಅತ್ತೆಗೆ ಮರಾಠಿ ಬಾರದು, ಮಾವಶಿಗೆ ನಮ್ಮ ಭಾಷೆ ಬಾರದು. ಅತ್ತೆ ಲಂಗೋಟಿ ಎತ್ತಿ ತೋರಿಸಿ ಕೈಮುಗಿದರೆ ಮಾವಶಿ ತಲೆಯಾಡಿಸಿ ನಕ್ಕುಬಿಡುವಳು. ಸುಳ್ಳಿಗೆ ಇಷ್ಟು ಅನುಕೂಲವಾದ ಜೋಡಿ ಎಲ್ಲಿ ಸಿಗಬೇಕು?

ಕಚೇರಿಯಲ್ಲಿ ಮಾತ್ರ ಗುಟ್ಟು ಉಳಿಯಲಿಲ್ಲ. ಒಂದು ದಿನ ಹೆಡ್ ಕ್ಲಾರ್ಕ್ ಯಾವುದೋ ಹಳೇ ಫೈಲು ಹುಡುಕಿಕೊಂಡು ತಾವೇ ರೆಕಾರ್ಡು ರೂಮಿಗೆ ಬಂದರು. ಕಪಾಟಿನಿಂದ ಕಪಾಟಿಗೆ ಕಟ್ಟಿದ ದಾರದಲ್ಲಿ ಸಾಲಾಗಿ ಹಾರಾಡುವ ಲಂಗೋಟಿಗಳನ್ನು ನೋಡುತ್ತಾ ಬಹಳ ಹೊತ್ತು ನಿಂತರಂತೆ. ಬಾಗಿಲಲ್ಲಿದ್ದ ನಮ್ಮವರು ನೌಕರಿ ಹೋಯಿತು ಅಂದುಕೊಂಡರಂತೆ. ಹೆಡ್ ಕ್ಲಾರ್ಕ್ ಕೇಳಿದ್ದು ಇಷ್ಟೇ, ಮಗು ಗಂಡೋ ಹೆಣ್ಣೋ ಎಂದು. ಆಮೇಲೆ ಆಡಿಟಿನ ಫೈಲುಗಳ ಮೇಲೆ ನೀರು ತೊಟ್ಟಿಕ್ಕದಂತೆ ದಾರವನ್ನು ಆಚೆ ಕಟ್ಟಲು ಹೇಳಿ ಹೋದರು. ಆ ವಾರ ಕಳೆಯುವುದರೊಳಗೆ ಗಿರಗಾಂವಿನ ಇನ್ನೊಬ್ಬ ಗುಮಾಸ್ತರೂ ತಮ್ಮ ಮನೆಯ ಗಂಟು ತಂದರು. ಹೆಡ್ ಕ್ಲಾರ್ಕರ ಮನೆಯಲ್ಲಿಯೂ ಮೊಮ್ಮಗ ಇದ್ದದ್ದು ಆಗ ತಿಳಿಯಿತು.

ಹೀಗೆ ಮೂರು ಮನೆಯ ಬಟ್ಟೆ ಒಂದೇ ದಾರದಲ್ಲಿ ಹಾರಾಡಿದರೆ ಏನಾಗಬೇಕೋ ಅದೇ ಆಯಿತು. ಒಂದು ಸಂಜೆ ಅತ್ತೆ ಬಟ್ಟೆ ಮಡಚುತ್ತಿದ್ದವರು ಒಂದನ್ನು ಎತ್ತಿ ಹಿಡಿದರು. ಗಿಣಿಹಸಿರು ಛೀಟಿನದು, ತುಂಬ ಕೆಂಪು ಹೂವು. ಮಾವನವರ ಪಂಚೆಯ ಅಂಚಂಚೂ ಅವರಿಗೆ ಗುರುತಿತ್ತು. ತಮ್ಮ ಯಜಮಾನರು ಹೂವಿನ ಪಂಚೆ ಉಟ್ಟದ್ದನ್ನು ತಾವು ಕಂಡಿಲ್ಲ ಎಂದರು. ನನಗೆ ನಗು ಉಕ್ಕಿ ಬಂತು. ಮಗುವನ್ನು ಎತ್ತಿಕೊಂಡು ಅವಳ ಹೊಟ್ಟೆಯಲ್ಲಿ ಮುಖ ಹುದುಗಿಸಿ, ಮಾವಶಿಯ ಮನೆಗೆ ನೆಂಟರು ಬಂದಿದ್ದಾರೆ, ಅವರ ಮಗುವಿನದು ಇರಬೇಕು ಎಂದೆ. ಅತ್ತೆ ಆ ಹೂವಿನ ಲಂಗೋಟಿಯನ್ನು ಬೇರೆಯಾಗಿ ಮಡಚಿಟ್ಟರು. ನಮ್ಮವರು ಗೋಡೆಯ ಕಡೆ ತಿರುಗಿ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಿದ್ದರು, ಅವರ ಭುಜ ಕುಲುಕುತ್ತಿತ್ತು.

ಜುಲೈಯಲ್ಲಿ ಒಂದು ದಿನ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಬೆಳಿಗ್ಗೆ ನಮ್ಮವರು ಎಂದಿನಂತೆ ಮಾವಶಿಯ ಮನೆಯಿಂದ ದೊಡ್ಡ ಗಂಟು ಹೊತ್ತು ಲೋಕಲ್ ಹಿಡಿದರು. ಮನೆಯಲ್ಲಿ ಉಳಿದಿದ್ದ ನಾಲ್ಕಾರು ಒಣ ಬಟ್ಟೆ ಮಧ್ಯಾಹ್ನದ ತನಕ ಸಾಕೆಂದು ನಾನು ಅಂದಾಜು ಮಾಡಿದ್ದೆ. ಆ ದಿನವೇ ಮಗುವಿಗೆ ಹೊಟ್ಟೆ ಕೆಡಬೇಕೆ? ಊಟದ ಹೊತ್ತಿಗೆ ಒಣಗಿದ್ದೆಲ್ಲ ಮುಗಿಯಿತು. ಮಾವಶಿಯ ಒಲೆಯ ಹತ್ತಿರದ್ದು ಇನ್ನೂ ಒಣಗಿಲ್ಲವೆಂದು ಅತ್ತೆಗೆ ಹೇಳಿ ನನ್ನ ಹಳೆಯ ಸೀರೆಯೊಂದನ್ನು ಹರಿದೆ, ಅದೂ ಮುಗಿಯಿತು. ಮಾವಶಿ ತನ್ನ ಒಂಬತ್ತು ಗಜದ ಲುಗಡೆ ಸೀರೆಯ ಅರ್ಧ ಕೊಟ್ಟಳು. ಸಂಜೆಯ ಹೊತ್ತಿಗೆ ಅದರ ಕಡೆಯ ತುಂಡೂ ಒದ್ದೆಯಾಯಿತು. ಕೋಣೆಯಲ್ಲಿ ಎಲ್ಲಿ ನೋಡಿದರೂ ಹಸಿ ಬಟ್ಟೆ. ಗಳುವಿನಲ್ಲಿ, ಕಿಟಕಿಯ ಸರಳಿನಲ್ಲಿ, ಟ್ರಂಕಿನ ಮೇಲೆ, ದೇವರ ಗೂಡೊಂದನ್ನು ಬಿಟ್ಟು ಎಲ್ಲ ಕಡೆ. ಆರೂವರೆಗೆ ಬರುವ ನಮ್ಮವರು ಏಳಕ್ಕೂ ಬರಲಿಲ್ಲ. ಕೆಳಗಿನ ಮಾಳಿಗೆಯವರು ಸ್ಟೇಷನ್ನಿನಿಂದ ಸುದ್ದಿ ತಂದರು, ಕುರ್ಲಾದ ಹತ್ತಿರ ಹಳಿಯ ಮೇಲೆ ನೀರು, ಗಾಡಿ ಬಂದ್.

ಅತ್ತೆ ಮಗುವನ್ನು ಬರಿಮೈಯಲ್ಲಿ ತಮ್ಮ ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದರು. ಆ ಸೆರಗೂ ಒದ್ದೆಯಾಗಿತ್ತು. ಮಗು ಒಮ್ಮೆ ಸೀನಿತು. ಅತ್ತೆ ನನ್ನ ಕಡೆ ನೋಡದೆ, ಟ್ರಂಕಿನ ಮೇಲಿನ ಬಟ್ಟೆ ತೆಗೆ, ನಾಳೆ ಮಗನ ಹತ್ತಿರ ಟಿಕೇಟು ಮಾಡಿಸಲು ಹೇಳುತ್ತೇನೆ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವರು ಹೇಳುವುದರಲ್ಲಿ ತಪ್ಪೂ ಇರಲಿಲ್ಲ, ಅದೇ ನನಗೆ ಅಳು ತರಿಸಿತು. ಹಸಿ ಲಂಗೋಟಿಗಳನ್ನು ಟ್ರಂಕಿನಿಂದ ಒಂದೊಂದಾಗಿ ತೆಗೆಯುತ್ತಾ ನಾನು ಕಣ್ಣೀರು ಸುರಿಸಿದೆ.

ದೀಪ ಹಚ್ಚಿದ ಮೇಲೆ ಗ್ಯಾಲರಿಯಲ್ಲಿ ಪಚಕ್ ಪಚಕ್ ಎಂದು ಹೆಜ್ಜೆ ಕೇಳಿತು. ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಕುರ್ಲಾದಿಂದ ಹಳಿಯ ಗುಂಟ ನಡೆದು ಬಂದಿದ್ದರು. ಅಂಗಿ ಮೈಗಂಟಿತ್ತು, ಮೂಗಿನ ತುದಿಯಿಂದ ನೀರಿಳಿಯುತ್ತಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ತಲೆಯ ಮೇಲೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು ಒಂದು ಗಂಟು. ಹೊಸದಾಗಿ ಕೊಂಡಿದ್ದ ತಮ್ಮ ರೈನ್‌ಕೋಟನ್ನು ಅದಕ್ಕೆ ಸುತ್ತಿ, ತೋಳುಗಳನ್ನು ಬಿಗಿದು ಗಂಟು ಹಾಕಿದ್ದರು. ಒಳಗೆ ಬಂದವರೇ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ಬಿಚ್ಚಿದರು. ಫೋರ್ಟಿನ ಲಂಗೋಟಿಗಳು, ಬೆಳ್ಳಗೆ, ಒಣಗಿ, ಇಸ್ತ್ರಿ ಮಾಡಿದಂತೆ ಮಡಚಿ. ಒಂದು ತೊಟ್ಟು ನೀರು ಸೋಕಿರಲಿಲ್ಲ.

“ಮಗು ಚಂಡಿಯಾಯಿತಾ?” ಎಂದು ಕೇಳಿದರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಅತ್ತೆ ಒಂದು ಲಂಗೋಟಿ ಎತ್ತಿಕೊಂಡು ಮೂಸಿದರು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಇಷ್ಟು ದಿನ ಬಟ್ಟೆ ಒಣಗುತ್ತಿದ್ದದ್ದು ಎಲ್ಲಿ, ಯಾರ ಕೈಯಲ್ಲಿ ಎಂದು ಯಾರೂ ಅವರಿಗೆ ವಿವರಿಸಬೇಕಾಗಿರಲಿಲ್ಲ. ಗಂಡಸಿನ ಕೈಗೆ ಉಚ್ಚೆ ಬಟ್ಟೆ ಕೊಟ್ಟದ್ದಕ್ಕೂ ಸುಳ್ಳಿಗೂ ಸೇರಿಸಿ ಈಗ ನನಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಗಳುವಿನಿಂದ ಸ್ವಲ್ಪ ಕಡಿಮೆ ಹಸಿಯಾದ ಬೈರಾಸು ಒಂದನ್ನು ಎಳೆದು, ಮಗನ ತಲೆಯನ್ನು ಕೂದಲು ಕಿತ್ತುಬರುವ ಹಾಗೆ ಒರಸಲು ಶುರುಮಾಡಿದರು. ಒರಸುತ್ತಾ ನನಗೆ ಹೇಳಿದರು:

“ರೈನ್‌ಕೋಟು ಲಂಗೋಟಿಗೆ ಹಾಕಿ ತಾನು ಚಂಡಿಯಾಗಿ ಬಂದಿದ್ದಾನೆ ಪುಣ್ಯಾತ್ಮ. ಇಷ್ಟು ಬುದ್ಧಿಯವನನ್ನು ಈ ಪೇಟೆಯಲ್ಲಿ ಒಬ್ಬನನ್ನೇ ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ನೀನು ಎಲ್ಲಿಗೂ ಬರುವುದು ಬೇಡ. ಇವನನ್ನು ನೋಡಿಕೊಂಡು ಇಲ್ಲಿಯೇ ಇರು.”

ಬೈರಾಸಿನೊಳಗಿನಿಂದ ನಮ್ಮವರ ಒಂದು ಕಣ್ಣು ನನ್ನನ್ನು ನೋಡಿತು. ನಾನು ಮಗುವನ್ನು ಮಲಗಿಸಿಕೊಂಡು ಲಂಗೋಟಿ ಕಟ್ಟಲು ಕುಳಿತೆ. ನಗುವೂ ಅಳುವೂ ಒಟ್ಟಿಗೇ ಬಂದು ಎಷ್ಟು ಸಲ ಹಾಕಿದರೂ ಗಂಟು ಕೂಡಲಿಲ್ಲ. ಕೊನೆಗೆ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಬೈರಾಸನ್ನು ನನ್ನ ಕೈಗೆ ಕೊಟ್ಟು, ಅವನ ಬೆನ್ನು ಒರಸು ಹೋಗು ಎಂದರು.