ಬೆಟ್ಟಕ್ಕೆ ಬಂದ ಮುದ್ದೆಕೋಲು

ಬೆಟ್ಟಕ್ಕೆ ಒಲೆ ಬೇಡ ಅಂತ ನಾನು ಒಂದು ಸಲ ಹೇಳಿದ್ದಲ್ಲ, ವಾರವಿಡೀ ಹೇಳಿದ್ದೆ. ಬೆಳಗ್ಗೆ ಮದ್ದೂರು ಬಿಟ್ಟು ಸಂಜೆಗೆ ಮನೆ ಸೇರುವ ಸುತ್ತಾಟಕ್ಕೆ ಪಾತ್ರೆಪಗಡ ಯಾಕೆ? ಹುರಿಹಿಟ್ಟು, ಬೆಲ್ಲ, ನಾಲ್ಕು ವಡೆ, ಬಾಳೆಹಣ್ಣು, ನೀರು. ಹಿಟ್ಟಿಗೆ ಬೆಲ್ಲ ಹಾಕಿ ನೀರಲ್ಲಿ ಕಲಸಿದರೆ ಊಟ ಮುಗಿಯಿತು.

ನನ್ನ ಹಟಕ್ಕೆ ಕಾರಣವಿತ್ತು. ಮಳವಳ್ಳಿ ಕಡೆಯ ಇದೇ ಬೆಟ್ಟಕ್ಕೆ ಹಿಂದೆ ಎರಡು ಸಲ ಹೋಗಿದ್ದೆವು. ಎರಡು ಸಲವೂ ಗಂಡ, ಮೈದುನ ಇಬ್ಬರೂ ತುದಿ ಮುಟ್ಟಿ ಫೋಟೋ ತೆಗೆದುಕೊಂಡು ಬಂದರು. ನಾನು ಅರ್ಧ ದಾರಿಯ ಬಂಡೆ ಮೇಲೆ ಕೂತು ಅವರಿಗೆ ಬೇಯಿಸಿ ಹಾಕಿದೆ. ಮನೆಯಲ್ಲಿ ಮಾಡುವುದನ್ನೇ ಬಿಸಿಲಲ್ಲಿ ಮಾಡಿದರೆ ಅದಕ್ಕೆ ಟ್ರೆಕ್ಕಿಂಗ್ ಅಂತ ಹೆಸರು. ಈ ಸಲವಾದರೂ ನಾನು ತುದಿ ನೋಡಬೇಕಿತ್ತು.

ಅದೇ ಬಂಡೆಯ ಹತ್ತಿರ ನಮ್ಮ ಯಜಮಾನರು ಬ್ಯಾಗ್ ಇಳಿಸಿ ಜಿಪ್ ಎಳೆದರು. ಮೊದಲು ಹೊರಬಂದದ್ದು ಮುದ್ದೆಕೋಲು. ಹಿಂದೆಯೇ ಪುಟ್ಟ ಗ್ಯಾಸ್ ಸ್ಟವ್, ಪಾತ್ರೆ, ರಾಗಿಹಿಟ್ಟು, ಡಬ್ಬಿಯಲ್ಲಿ ಉಪ್ಸಾರು. ಅದೂ ಬೆಳಗ್ಗೆ ಮನೆಗೆಂದು ನಾನೇ ಮಾಡಿಟ್ಟದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ರೀ ಇದು?”

“ಬಿಸಿ ಮುದ್ದೆ ಇಲ್ದೆ ಅದೆಂತ ಊಟ ಕಣಮ್ಮಿ. ಮೂರ್ ಮುದ್ದೆ ತಿರುವ್ಬುಡು, ಎಷ್ಟೊತ್ತಾದದು?”

“ನಿಮ್ಮಂಗೆ ಯಾರ್ಗೂ ಬರಾಕಿಲ್ಲ ಬುಡಿ ಅತ್ಗೆ,” ಅಂತ ಮೈದುನ ಬೆಣ್ಣೆ ಹಚ್ಚಿದ.

“ಕೋಲ್ ಒತ್ಕಂಡ್ ಬಂದೋರೇ ತಿರುವ್ಕಳಿ. ನಾ ಮ್ಯಾಕ್ ಓಯ್ತೀನಿ.”

ಹಿಂದಿನಿಂದ ಕರೆದರು. ತಿರುಗಿ ನೋಡಲಿಲ್ಲ. ಸಿಟ್ಟಿಗೆ ಏದುಸಿರೂ ಗೊತ್ತಾಗಲಿಲ್ಲ. ತುದಿಯಲ್ಲಿ ಕೂತು, ನನ್ನ ಹೆಗಲಚೀಲದಲ್ಲಿದ್ದ ಹುರಿಹಿಟ್ಟನ್ನು ಲೋಟದಲ್ಲಿ ಕಲಸಿ ತಿಂದೆ. ಕೆಳಗೆ ಗದ್ದೆ, ಕಬ್ಬು, ನಾಲೆ, ನಾವು ಬಂದಿಳಿದ ರಸ್ತೆ. ಗಾಳಿ ಸೆರಗನ್ನು ನಿಲ್ಲಲು ಬಿಡುತ್ತಿರಲಿಲ್ಲ. ಇಷ್ಟು ಚೆಂದದ್ದನ್ನು ಎರಡು ಸಲ ಒಂದು ಮುದ್ದೆಗಾಗಿ ಕಳೆದುಕೊಂಡಿದ್ದೆನಲ್ಲ ಅಂತ ಅಳು ಬಂತು, ಜೊತೆಗೆ ಇನ್ನಷ್ಟು ಸಿಟ್ಟೂ ಬಂತು.

ಇಳಿದು ಬಂದಾಗ ಇಬ್ಬರೂ ಗಂಟುಗಂಟಾದ ಹಿಟ್ಟನ್ನು ತಿಂದು ಮುಗಿಸಿದ್ದರು. ಅರ್ಧ ಮುದ್ದೆ ಪಾತ್ರೆಯ ತಳಕ್ಕೇ ಸೀದು ಹತ್ತಿತ್ತು. ಯಜಮಾನರು ಅದನ್ನು ನನ್ನ ಕಡೆ ಸರಿಸಿದರು.

“ನೀರಾಕಿ ನೆನೆಸಿವ್ನಿ. ನೀ ಬಂದ್ಮೇಲೆ ಉಜ್ಜಕ್ಕೆ ಸಲೀಸಾಗ್ಲಿ ಅಂತ.”

ನನಗೆ ಉಪಕಾರ ಮಾಡಿದ ಕಳೆ ಅವರ ಮುಖದಲ್ಲಿತ್ತು. ನಾನು ನೀರು ಚೆಲ್ಲಿ, ಸೀದ ಪಾತ್ರೆಯನ್ನು ಹಾಗೇ ಅವರ ಬ್ಯಾಗಿಗೆ ತುರುಕಿ, ಬರಿಗೈಯಲ್ಲಿ ಬೆಟ್ಟ ಇಳಿದೆ.