ಎರಡನ್ನೂ ತಪ್ಪಿಸದ ಮಾವ

ದೆಹಲಿ ಜನಕಪುರಿಯ ಈ ಜನವರಿ ಚಳಿಯಲ್ಲಿ ಮನುಷ್ಯ ಬೆವರುತ್ತಾನೆಂದರೆ ಏನರ್ಥ? ಕಳೆದ ವಾರ ಒಂದು ಮಧ್ಯಾಹ್ನ ನಮ್ಮ ಮಾವನವರ ಸ್ವೆಟರ್ ಒಳಗಿನ ಬನಿಯನ್ ತೊಯ್ದುಹೋಗಿತ್ತು. ಕೈ ನಡುಗುತ್ತಿತ್ತು.

ಓಡಿಹೋಗಿ ಶುಗರ್ ಮೀಟರ್ ತಂದೆ. ಐವತ್ತೆರಡು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ.

"ಒಂದೇ ರೀಡಿಂಗ್ ನಂಬಬಾರದು. ಇನ್ನೊಂದ್ಸಲ ನೋಡಿ" ಎಂದರು ಮಾವ. ಮೂವತ್ತು ವರ್ಷ ಸರಕಾರಿ ಪ್ರಯೋಗಾಲಯದಲ್ಲಿ ಅಳತೆಯ ಉಪಕರಣ ಪರೀಕ್ಷಿಸಿದ ವಿಜ್ಞಾನಿ ಅವರು. ನಾನೋ ವಿಧೇಯ ಅಳಿಯ. ಇನ್ನೊಂದು ಬೆರಳು ಚುಚ್ಚಿದೆ. ನಲವತ್ತೊಂಬತ್ತು.

ಆಗಿದ್ದು ಇಷ್ಟೆ. ಅಂದು ಏಕಾದಶಿ. ಬೆಳಿಗ್ಗೆ ಇನ್ಸುಲಿನ್ ಪೂರ್ತಿ ಡೋಸ್ ಚುಚ್ಚಿಕೊಂಡಿದ್ದಾರೆ. ಆಮೇಲೆ ಏನೂ ತಿನ್ನದೆ ಉಪವಾಸ ಕೂತಿದ್ದಾರೆ. ಯಾಕೆ ಹೀಗೆ ಮಾಡಿದಿರಿ ಎಂದರೆ ಉತ್ತರ ಸಿದ್ಧವಿತ್ತು: "ಇನ್ಸುಲಿನ್ ತಪ್ಪಿಸಬೇಡಿ ಅಂತ ಡಾಕ್ಟರ್ ಹೇಳಿದಾರೆ. ಏಕಾದಶಿ ತಪ್ಪಿಸಬೇಡ ಅಂತ ನಮ್ಮಪ್ಪ ಹೇಳಿದ್ರು. ನಾನು ಎರಡನ್ನೂ ತಪ್ಪಿಸಿಲ್ಲ."

ಇದಕ್ಕೆ ನೀವಾದರೂ ಏನು ಹೇಳುತ್ತೀರಿ?

ನನ್ನ ಕಥೆ ಇನ್ನೂ ಚೆಂದ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. (ಅದರಿಂದ ಅಂದಿನವರೆಗೆ ಯಾರ ಪ್ರಾಣಕ್ಕೂ ಕುತ್ತು ಬಂದಿರಲಿಲ್ಲ.) ದಿನವಿಡೀ ಮನೆಯವರ ಆರೋಗ್ಯದ ಬಗ್ಗೆ ತಲೆ ಕೆಡಿಸಿಕೊಳ್ಳುವ ಆಸಾಮಿ. ಅಂಥವನು ಆ ಗಳಿಗೆಯಲ್ಲಿ ಮಾಡಿದ್ದೇನು? ವ್ರತದ ಉದ್ದೇಶವೇನು, ದೇಹ ದಂಡಿಸುವುದು ಧರ್ಮವೇ ಎಂದು ಶುರು ಹಚ್ಚಿಕೊಂಡೆ. ಮಾವ ಕುರ್ಚಿಯಲ್ಲಿ ಪಕ್ಕಕ್ಕೆ ವಾಲುತ್ತಲೇ ಪ್ರತಿವಾದ ಹೂಡಿದರು. ನಾಲಿಗೆ ತೊದಲುತ್ತಿದೆ, ವಾದ ಮಾತ್ರ ನಿಲ್ಲುತ್ತಿಲ್ಲ!

ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ನನ್ನ ಮಗಳು ಲೋಟದ ತುಂಬ ಸಕ್ಕರೆ ನೀರು ತಂದಳು. ನನ್ನನ್ನು ಪಕ್ಕಕ್ಕೆ ತಳ್ಳಿದಳು.

"ತಾತಾ, ಬಹಸ್ ಬಾದ್ ಮೇಂ, ವಾದ ಆಮೇಲೆ. ಮೊದಲು ಕುಡಿ."

ಕುಡಿದರು. ಹದಿನೈದು ನಿಮಿಷದಲ್ಲಿ ಬೆವರು ನಿಂತಿತು, ಮುಖಕ್ಕೆ ಬಣ್ಣ ಬಂತು. ಅವಳಿಗೆ ಇನ್ಸುಲಿನ್ ಬಗ್ಗೆ ನಮ್ಮ ಅರ್ಧದಷ್ಟೂ ಗೊತ್ತಿಲ್ಲ. ಧರ್ಮದ ಬಗ್ಗೆ ಕಾಲು ಭಾಗವೂ ಇಲ್ಲ. ಆದರೆ ನಾವಿಬ್ಬರೂ ಮೀಟರ್ ನೋಡುತ್ತಿದ್ದಾಗ ಅವಳು ತಾತನ ಮುಖ ನೋಡಿದ್ದಳು.

ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲೂ ಇಲ್ಲ. ಉಪವಾಸ ಇದ್ದರೆ ಮೊದಲೇ ತಿಳಿಸಿ, ಡೋಸ್ ಬದಲಿಸಬೇಕೋ, ಉಪವಾಸವೇ ಬೇಡವೋ ಹೇಳುತ್ತೇನೆ ಎಂದರು. ಇಷ್ಟೇ! ವಿಜ್ಞಾನವೂ ಧರ್ಮವೂ ಒಂದೇ ದೇಹದೊಳಗೆ ವಾಸವಾಗಿವೆ ಎಂದು ಯಾರಾದರೂ ಒಬ್ಬರು ನೆನಪಿಟ್ಟುಕೊಂಡು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಮಾವನಿಗೆ ಇದನ್ನು ಹೇಳಿದೆ. ಅವರು ಹುಬ್ಬೇರಿಸಿದರು.

"ಏಕಾದಶಿ ವಿಷಯ ಡಾಕ್ಟರ್ ಹತ್ರ ಯಾಕ್ರೀ ಕೇಳಬೇಕು? ಅವರಿಗೇನು ಗೊತ್ತು?"

ಮುಂದಿನ ಏಕಾದಶಿಗೆ ಇನ್ನು ಒಂಬತ್ತು ದಿನ. ನೀವೇ ಹೇಳಿ, ನಾನು ಬಚ್ಚಿಡಬೇಕಾದ್ದು ಇನ್ಸುಲಿನ್ನನ್ನೋ, ಪಂಚಾಂಗವನ್ನೋ?