ಪಾದ್ರಿಗಳ ಮಾಮೋನ

ಅರವತ್ತರ ದಶಕದಲ್ಲಿ ವಾಮದಪದವಿನಾಚೆಯ ಇಗರ್ಜಿ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅಲ್ಲಿನ ಪಾದ್ರಿಗಳಿಗೆ ಶಬ್ದಗಳ ಹುಚ್ಚು. ಮಾತಿನ ನಡುವೆ ಬೆರಳೆತ್ತಿ, “ಬೇರು ನೋಡುವ ಮಾರಾಯ್ರೇ” ಎನ್ನುತ್ತಿದ್ದರು. ಗ್ರೀಕ್ ಬೈಬಲಿನಲ್ಲಿ ಸಂಪತ್ತಿಗೆ ‘ಮಾಮೋನ’ ಎಂಬ ಶಬ್ದವಿದೆ. ಅದು ಅರಮಾಯಿಕ್ ಭಾಷೆಯಿಂದ ಬಂದದ್ದು, ‘ನಂಬು’ ಎಂಬ ಧಾತುವಿನಿಂದ ಹುಟ್ಟಿರಬೇಕು ಎಂದು ವಿವರಿಸುತ್ತಿದ್ದರು.

ಒಮ್ಮೆ ಮಡಂತ್ಯಾರಿನ ಬ್ಯಾರಿ ವ್ಯಾಪಾರಿಯೊಬ್ಬರು ಹೆಂಡತಿಯೊಡನೆ ಹಜ್ಜಿಗೆ ಹೊರಟಾಗ, ಮನೆಯ ಚಿನ್ನದ ಪೆಟ್ಟಿಗೆಯನ್ನು ಪಾದ್ರಿಗಳ ಮುಂದಿಟ್ಟರು.

“ಇದು ಅಮಾನತ್ತು ಪಾದ್ರಿಗಳೇ. ನಿಮ್ಮನ್ನು ನಂಬಿ ಇಟ್ಟು ಹೋಗ್ತೇನೆ.”

ಪಾದ್ರಿಗಳು ಕುಣಿದಾಡಿದರು. “ಕೇಳಿದಿರಾ ಮಾಸ್ಟ್ರೇ? ಅರಬ್ಬಿಯ ಅಮಾನತ್ತು, ಅರಮಾಯಿಕ್ಕಿನ ಮಾಮೋನ, ಎರಡಕ್ಕೂ ಒಂದೇ ಬೇರು! ನಂಬಿ ಇಟ್ಟದ್ದು!”

ಆ ಸಂತೋಷ ಸಂಜೆಯವರೆಗೆ ಮಾತ್ರ. ಮರುದಿನದಿಂದ ಅವರು ಬೆಳ್ತಂಗಡಿಗೂ ಹೋಗಲಿಲ್ಲ. ಪೆಟ್ಟಿಗೆ ಮಂಚದಡಿ ಇತ್ತು. ರಾತ್ರಿ ಬೆಕ್ಕು ಹಾರಿದರೂ ಎದ್ದು ಕೂರುತ್ತಿದ್ದರು.

“ಬ್ಯಾರಿಗಳು ನನ್ನನ್ನು ನಂಬಿದ್ರು, ನಾನು ಬೀಗವನ್ನು ನಂಬ್ತಾ ಇದ್ದೇನೆ” ಎಂದು ತಮ್ಮನ್ನೇ ಗೇಲಿ ಮಾಡಿಕೊಂಡರು.

ಕೊನೆಗೆ ವ್ಯಾಪಾರಿ ಖರ್ಜೂರದೊಂದಿಗೆ ಮರಳಿ ಬಂದು, ಪೆಟ್ಟಿಗೆಯನ್ನು ಹಾಗೆಯೇ ಕಂಕುಳಲ್ಲಿ ಇರುಕಿಕೊಂಡರು.

“ತೆರೆದು ನೋಡಿ ಮಾರಾಯ್ರೇ!”

“ಯಾಕೆ ಪಾದ್ರಿಗಳೇ? ನಿಮ್ಮ ಹತ್ತಿರ ಇತ್ತಲ್ಲ?”

ಅಂದು ಮಧ್ಯಾಹ್ನ ಪಾದ್ರಿಗಳಿಗೆ ಎಂಥ ನಿದ್ದೆ ಹತ್ತಿತೆಂದರೆ, ಇಗರ್ಜಿಯ ಸಂಜೆಯ ಗಂಟೆಯನ್ನು ನಾನೇ ಬಾರಿಸಬೇಕಾಯಿತು.